ಸೋತ ವರ್ಷದ ತೆನೆ

ಹೋದ ತಿಂಗಳು ಕೊಪ್ಪಕ್ಕೆ ಹೋಗಿ ಅಸ್ತರಿನ ಬಟ್ಟೆ, ಹುಕ್ಕು, ದಾರ ಎಲ್ಲ ಕಟ್ಟಿಸಿಕೊಂಡು ಬಸ್ಸಿನಲ್ಲಿ ವಾಪಸು ಬರುತ್ತಿದ್ದೆ. ಪಕ್ಕದ ಸೀಟಿನ ಹೆಂಗಸಿನ ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಚೀಲವಿತ್ತು, ಅದರೊಳಗಿಂದ ನಾಲ್ಕೈದು ಹಸಿ ಭತ್ತದ ತೆನೆ ಹೊರಗೆ ಇಣುಕುತ್ತಿದ್ದವು. ಗದ್ದೆಗೆ ಎಂಥದೋ ರೋಗ ಬಂದಿದೆಯಂತೆ, ಕೃಷಿ ಕಚೇರಿಯವರಿಗೆ ತೋರಿಸಿಕೊಂಡು ಬರುತ್ತಿದ್ದಳು. ಅವಳು ಹೇಳುತ್ತಿರುವಾಗಲೇ ನನ್ನ ಕೈ ತನ್ನಷ್ಟಕ್ಕೆ ತಾನು ಹೋಗಿ ಒಂದು ಕಾಳನ್ನು ಹೆಬ್ಬೆರಳಿನ ಉಗುರಿನಲ್ಲಿ ಒತ್ತಿಬಿಟ್ಟಿತು. ಬೆಳ್ಳಗಿನ ಹಾಲು ಬಂತು, ಜೊತೆಗೆ ಆ ಹಸಿ ಹಸಿ ಸಿಹಿ ವಾಸನೆ. ಹೆಂಗಸು ನನ್ನ ಮುಖವನ್ನೇ ನೋಡಿದಳು. ಹಾಲಿದೆಯಾ ಅಂತ ನೋಡಿದೆ, ತಪ್ಪು ತಿಳಿಯಬೇಡಿ ಅಂದೆ. ಊರು ಮುಟ್ಟುವವರೆಗೂ ಆ ಬೆರಳನ್ನು ಮೂಗಿನ ಹತ್ತಿರ ಇಟ್ಟುಕೊಂಡೇ ಕೂತಿದ್ದೆ. ಅವಳು ಏನಂದುಕೊಂಡಳೋ ಗೊತ್ತಿಲ್ಲ.

ಹಾಗೆ ಕಾಳು ಒತ್ತಿ ನೋಡುವುದನ್ನು ನಾನು ಕಲಿತದ್ದು ಪಂಚಾಯಿತಿ ಚುನಾವಣೆಯಲ್ಲಿ ಸೋತ ವರ್ಷ.

ಮುತ್ತಿನಕೊಪ್ಪದಿಂದ ನರಸಿಂಹರಾಜಪುರಕ್ಕೆ ಹೋಗುವ ರಸ್ತೆಯ ಬದಿಗೆ ನಮ್ಮ ಮನೆ. ಮನೆಯಲ್ಲಿ ನಾನು, ಎಲೆಕ್ಟ್ರಿಕ್ ಕೆಲಸ ಮಾಡುವ ಗಂಡ ವಿನ್ಸೆಂಟ್, ಅವರ ತಾಯಿ. ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತರ ಮನೆ, ಅತ್ತೆಗೆ ನಾವು ಮಾಂಯ್ ಅನ್ನುತ್ತೇವೆ. ಬಾಳಗಡಿಯಲ್ಲಿ ಒಬ್ಬರ ಹತ್ತಿರ ಹೊಲಿಗೆ ಕಲಿತು, ಮದುವೆಯಾಗಿ ಬಂದಾಗಿನಿಂದ ನಾನು ರವಿಕೆ ಹೊಲಿಯುತ್ತೇನೆ. ಸುತ್ತಮುತ್ತಲಿನ ಹೆಂಗಸರ ಅಳತೆಯೆಲ್ಲ ನನ್ನ ಪುಸ್ತಕದಲ್ಲಿದೆ. ಯಾರು ದಪ್ಪಗಾದರು, ಯಾರು ಇಳಿದರು, ಯಾರ ಮಗಳಿಗೆ ಗಂಡು ಗೊತ್ತಾಯಿತು, ಎಲ್ಲ ಮೊದಲು ತಿಳಿಯುವುದು ನನಗೆ.

ಆ ಸಲ ನಮ್ಮ ವಾರ್ಡು ಮಹಿಳೆಗೆ ಮೀಸಲಾಯಿತು. ನಾಲ್ಕು ಜನ ನೀವೇ ನಿಲ್ಲಿ ಸ್ಟೆಲ್ಲಕ್ಕ ಅಂದರು, ನಾನು ನಿಂತೆ. ಅಳತೆ ಕೊಟ್ಟವರು ವೋಟು ಕೊಡುವುದಿಲ್ಲವೇ ಅನ್ನುವುದು ನನ್ನ ಧೈರ್ಯ. ಚಿಹ್ನೆಯೂ ಹೊಲಿಗೆ ಯಂತ್ರವೇ ಸಿಕ್ಕಿತು. ಇದು ದೇವರ ಚಿತ್ತ ಅಂತ ಊರೆಲ್ಲ ಹೇಳಿಕೊಂಡು ತಿರುಗಿದೆ. ದೇವರು ಪಾಪ, ನನ್ನ ಹತ್ತಿರ ಏನೂ ಹೇಳಿರಲಿಲ್ಲ.

ಎದುರಿಗೆ ನಿಂತವಳು ಗಿರಿಜಮ್ಮ. ಸೀತೂರಿನ ಹೆಣ್ಣು, ನಮ್ಮ ಊರಿನ ಲಿಂಗಾಯತರ ಮನೆಯೊಂದಕ್ಕೆ ಸೊಸೆಯಾಗಿ ಬಂದವಳು, ಗದ್ದೆ ಕೆಲಸದಲ್ಲಿ ಗಂಡಸರಿಗೆ ಕಡಿಮೆಯಿಲ್ಲ. ಮಾತು ಸ್ವಲ್ಪ ಜೋರು. ನನ್ನ ಖಾಯಂ ಗಿರಾಕಿ ಬೇರೆ. ಡಿಸೆಂಬರಿನ ಕೊನೆಗೆ ನರಸಿಂಹರಾಜಪುರದಲ್ಲಿ ಎಣಿಕೆಯಾಯಿತು. ನಾನು ಒಂಬತ್ತು ವೋಟಿನಿಂದ ಸೋತೆ.

ನೂರರಿಂದ ಸೋತಿದ್ದರೆ ಅಷ್ಟು ಉರಿಯುತ್ತಿರಲಿಲ್ಲ. ಒಂಬತ್ತು ಅಂದರೆ ಒಂದೊಂದಕ್ಕೂ ಮುಖವಿದೆ, ಹೆಸರಿದೆ. ವಿನ್ಸೆಂಟ್ ಗೆಲುವಿಗೆ ಅಂತ ಮೊದಲೇ ತಂದು ಸ್ಕೂಟರಿನ ಸೀಟಿನಡಿ ಬಚ್ಚಿಟ್ಟಿದ್ದ ಹಾರವನ್ನು ಹೊರಗೆ ತೆಗೆಯಲೂ ಆಗದೆ, ಎಸೆಯಲೂ ಆಗದೆ ಮನೆಗೆ ತಂದರು. ಮಾಂಯ್ ಅದನ್ನು ಅವರ ಕೈಯಿಂದ ತೆಗೆದುಕೊಂಡು ನೀರು ಚಿಮುಕಿಸಿ ಮರಿಯಮ್ಮನವರ ಪಟಕ್ಕೆ ಹಾಕಿದರು. ಮಲ್ಲಿಗೆ ವಾಸನೆ ಎರಡು ದಿನ ಮನೆಯಿಡೀ ಇತ್ತು. ನನಗೆ ಊಟ ಸೇರಲಿಲ್ಲ.

ಆಮೇಲೆ ಹುಡುಕಾಟ ಶುರುವಾಯಿತು. ನಮ್ಮ ವಾರ್ಡಿನಲ್ಲಿ ನಮ್ಮದು ಬಿಟ್ಟು ಕ್ರೈಸ್ತರ ಮನೆ ಆರು. ಅವರೆಲ್ಲ ನನಗೇ ಹಾಕಿದ್ದರೆ ನಾನು ಗೆಲ್ಲಬೇಕಿತ್ತು ಅಂತ ನನ್ನ ಲೆಕ್ಕ. ಅಂದರೆ ಕೈ ಕೊಟ್ಟವರು ನಮ್ಮವರೇ. ಪಕ್ಕದ ಮನೆಯ ಲೂಸಿ ಎಣಿಕೆಯ ಮರುದಿನದಿಂದ ನನ್ನ ಮುಖ ನೋಡಿ ಮಾತಾಡಿರಲಿಲ್ಲ. ಅವಳೇ ಅಂತ ತೀರ್ಮಾನ ಮಾಡಿದೆ. ಮದುವೆಯಾಗಿ ಬಂದ ಹೊಸದರಲ್ಲಿ ನನಗೆ ಈ ಊರಿನ ಬಾವಿ, ಬಸ್ಸು, ಜನ ಎಲ್ಲ ಪರಿಚಯ ಮಾಡಿಸಿದವಳು ಅವಳೇ, ಅದು ಆಗ ನೆನಪಿಗೆ ಬರಲಿಲ್ಲ. ಚರ್ಚಿಗೆ ಹೋದರೆ ಈ ಎಲ್ಲ ಮುಖ ನೋಡಬೇಕು. ಹಾಗಾಗಿ ಭಾನುವಾರವೂ ಮಿಷನ್ ತುಳಿಯುತ್ತಾ ಕೂತೆ. ಮಾಂಯ್ ಒಂದು ಮಾತೂ ಅನ್ನಲಿಲ್ಲ. ಛತ್ರಿ ಹಿಡಿದು ವಿನ್ಸೆಂಟ್ ಜೊತೆ ಹೋಗಿ ಬರುತ್ತಿದ್ದರು.

ಸೋತವಳನ್ನು ಸುಮ್ಮನಿರಲು ಬಿಡುತ್ತಾರಾ? ಜನವರಿಯಲ್ಲಿ ಗಿರಿಜಮ್ಮ ಮನೆಗೆ ಬಂದು ಹಸಿರು ರೇಷ್ಮೆಯ, ಹೊನ್ನಿನ ಅಂಚಿನ ರವಿಕೆ ತುಂಡು ಟೇಬಲಿನ ಮೇಲೆ ಇಟ್ಟಳು. ಪಂಚಾಯಿತಿಯ ಮೊದಲ ಸಭೆಗೆ ಉಡುವ ಸೀರೆಯದ್ದು. ಬೇರೆ ಕಡೆ ಕೊಟ್ಟರೆ ಕೂರುವುದಿಲ್ಲ ಮಾರಾಯ್ತಿ, ನೀನೇ ಹೊಲಿ ಅಂದಳು. ಅಳತೆ ತೆಗೆದೆ. ನನ್ನನ್ನು ಸೋಲಿಸಿದವಳ ಎದೆಗೆ ಟೇಪು ಸುತ್ತಿ ಮೂವತ್ತೆಂಟು ಅಂತ ಬರೆದುಕೊಂಡೆ. ತೋಳು ಸ್ವಲ್ಪ ಬಿಗಿ ಮಾಡಿಬಿಡಲಾ ಅನ್ನಿಸಿದ್ದು ಸುಳ್ಳಲ್ಲ. ಮಾಡಲಿಲ್ಲ, ಆದರೆ ಅದು ಭಕ್ತಿಯಿಂದಲ್ಲ, ಕೆಲಸದ ಹೆಸರು ಹಾಳಾಗುತ್ತದೆ ಅಂತ.

ಮಾರ್ಚಿನಲ್ಲಿ ತಪಸ್ಸಿನ ಕಾಲ, ಈಸ್ಟರಿಗೆ ಮುಂಚಿನ ಉಪವಾಸದ ದಿನಗಳು, ಬಂತು. ಶುಕ್ರವಾರ ಶುಕ್ರವಾರ ಚರ್ಚಿನಲ್ಲಿ ಶಿಲುಬೆಯ ಹಾದಿ, ಅಂದರೆ ಸ್ವಾಮಿ ಶಿಲುಬೆ ಹೊತ್ತು ನಡೆದ ಹದಿನಾಲ್ಕು ನಿಲ್ದಾಣಗಳ ಪ್ರಾರ್ಥನೆ. ವಿನ್ಸೆಂಟಿಗೆ ಆ ದಿನಗಳಲ್ಲಿ ಶೃಂಗೇರಿಯಲ್ಲಿ ಒಂದು ಲಾಡ್ಜಿನ ವೈರಿಂಗ್ ಕೆಲಸವಿತ್ತು. ಮಾಂಯ್‌ಗೆ ಎಂಬತ್ತರ ಹತ್ತಿರ, ಆಟೋದಲ್ಲಿ ಒಬ್ಬರನ್ನೇ ಕಳಿಸುವ ಹಾಗಿರಲಿಲ್ಲ. ನಾನು ಹೋದೆ, ಆದರೆ ಒಳಗೆ ಹೋಗದೆ ಹೊರಗಿನ ಹಲಸಿನ ಮರದ ಕೆಳಗೆ ನಿಂತೆ. ಒಳಗಿನಿಂದ ಹಾಡು, ಮೊಣಕಾಲೂರುವ ಸದ್ದು ಕೇಳುತ್ತಿತ್ತು. ವಾಪಸು ಬರುವಾಗ ಮಾಂಯ್ ಆಟೋದಲ್ಲಿ ಕೂತು ನನ್ನ ಕಡೆ ತಿರುಗದೆ ಹೇಳಿದರು.

"ಮೂರು ಸಲ ಬಿದ್ದ ಸ್ವಾಮಿ. ಒಂದು ಸಲವೂ ಯಾರು ದೂಡಿದ್ದು ಅಂತ ಹಿಂದೆ ತಿರುಗಿ ನೋಡಲಿಲ್ಲ. ಎದ್ದ, ನಡೆದ."

ಅವರು ದೇವರು, ನಾನು ಟೈಲರು ಅಂದೆ. ಆಟೋದವನು ನಕ್ಕ. ಮಾಂಯ್ ನಗಲಿಲ್ಲ.

ಈಸ್ಟರಿಗೆ ಮಾತ್ರ ಹೋಗದೆ ವಿಧಿಯಿರಲಿಲ್ಲ. ಆ ದಿನ ಪೂಜೆ ಮುಗಿದ ಮೇಲೆ ಫಾದರ್ ಒಂದು ವಿಷಯ ಎತ್ತಿದರು. ಸೆಪ್ಟೆಂಬರ್ ಎಂಟಕ್ಕೆ ನಮಗೆ ಮರಿಯಮ್ಮನವರ ಹುಟ್ಟುಹಬ್ಬ, ತೆನೆ ಹಬ್ಬ ಅಂತಲೂ ಅನ್ನುತ್ತೇವೆ. ಆ ದಿನ ಹೊಸ ಭತ್ತದ ತೆನೆಯನ್ನು ಚರ್ಚಿನಲ್ಲಿ ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಅದರ ಕಾಳು ಸುಲಿದು ಪಾಯಸಕ್ಕೆ ಹಾಕಿ, ಮನೆಯ ಹಿರಿಯರು ಎಲ್ಲರಿಗೂ ಬಡಿಸಿ, ಆಮೇಲೆ ತರಕಾರಿ ಊಟ. ಘಟ್ಟದ ಕೆಳಗೆ ಆ ಹೊತ್ತಿಗೆ ಪೈರು ತೆನೆ ಬಿಟ್ಟಿರುತ್ತದೆ. ನಮ್ಮಲ್ಲಿ ನಾಟಿ ಮುಗಿಯುವುದೇ ಜುಲೈ ಕೊನೆಗೆ, ಸೆಪ್ಟೆಂಬರಿನಲ್ಲಿ ಇಡೀ ತಾಲೂಕು ಹುಡುಕಿದರೂ ಒಂದು ತೆನೆ ಸಿಗದು. ಅದಕ್ಕೇ ನಮ್ಮ ಚರ್ಚಿನ ಪೌಲ್ ಮಾಮ್ ಅನ್ನುವ ಹಿರಿಯರು ಎಷ್ಟೋ ವರ್ಷದಿಂದ ಹಬ್ಬಕ್ಕೆಂದೇ ಬೇಗ ಬರುವ ಬೀಜ ತಂದು, ಮೇ ತಿಂಗಳಲ್ಲೇ ಕೆರೆ ನೀರಿನಲ್ಲಿ ಸಸಿ ಮಾಡಿ ಎರಡು ಗುಂಟೆ ಬೆಳೆಯುತ್ತಿದ್ದರು. ಈಗ ಅವರಿಗೆ ಮಂಡಿ ಆಪರೇಷನ್. ಯಾರು ಮಾಡುತ್ತೀರಿ ಅಂತ ಫಾದರ್ ಕೇಳಿದರು.

ಯಾರೂ ಕೈ ಎತ್ತಲಿಲ್ಲ. ಹಿಂದಿನ ಬೆಂಚಿನಿಂದ ನಾನು ಎತ್ತಿದೆ. ಸುತ್ತಲಿನ ಊರುಗಳಿಂದ ಬರುವ ನಲವತ್ತಾರು ಮನೆಯವರು ಒಟ್ಟಿಗೆ ತಿರುಗಿ ನೋಡಿದರು. ನನ್ನ ಮನಸ್ಸಿನಲ್ಲಿ ಭಕ್ತಿ ಕಾಸಿನಷ್ಟೂ ಇರಲಿಲ್ಲ. ನನಗೆ ವೋಟು ಹಾಕದ ಕೈಯೆಲ್ಲ ನನ್ನ ಮುಂದೆ ತೆನೆಗೆ ಚಾಚಬೇಕು, ಆಗ ನಾನು ಒಬ್ಬೊಬ್ಬರ ಮುಖ ನೋಡಬೇಕು, ಅಷ್ಟೇ ಇದ್ದದ್ದು. ಅದಾಗದಿದ್ದರೆ ಇನ್ನು ಈ ಚರ್ಚಿನ ಮೆಟ್ಟಿಲು ಹತ್ತುವುದಿಲ್ಲ ಅಂತಲೂ ಒಳಗೊಳಗೇ ಆಣೆ ಹಾಕಿಕೊಂಡಿದ್ದೆ.

ನಮ್ಮದು ಸ್ವಲ್ಪ ಗದ್ದೆಯಿದೆ. ಪೌಲ್ ಮಾಮ್ ತಮ್ಮ ಎರಡು ಗುಂಟೆಯನ್ನು ಗುಡ್ಡದ ಹಿಂದೆ, ಯಾರಿಗೂ ಕಾಣದ ಮೇಲಿನ ಗದ್ದೆಯಲ್ಲಿ ಮಾಡುತ್ತಿದ್ದರು. ನಾನು ಆರಿಸಿದ್ದು ಬಸ್ ನಿಲ್ಲುವ ಜಾಗದ ಪಕ್ಕದ ತಗ್ಗು ಗದ್ದೆ. ಎಲ್ಲರೂ ನೋಡಬೇಕಲ್ಲ! ಪೌಲ್ ಯಾಕೆ ಗುಡ್ಡದ ಹಿಂದೆ ಮಾಡುತ್ತಿದ್ದ ಅಂತ ಕೇಳಿದೆಯಾ ಅಂದರು ಮಾಂಯ್. ಅವರಿಗೆ ಅಲ್ಲೇ ಗದ್ದೆ ಇದ್ದದ್ದು, ಅದಕ್ಕೆ ಅಂದೆ. ಕೇಳಲು ಹೋಗಲಿಲ್ಲ.

ಜೂನ್, ಜುಲೈ ನನ್ನ ಕಾಲ. ಮಿಕ್ಕವರು ಇನ್ನೂ ಸಸಿಮಡಿ ಮಾಡುತ್ತಿರುವಾಗ ನನ್ನ ಗದ್ದೆ ಮೊಣಕಾಲೆತ್ತರ ಹಸಿರಾಗಿತ್ತು. ಬಸ್ಸಿನವರು ಕಿಟಕಿಯಿಂದ ಬಗ್ಗಿ ನೋಡುತ್ತಿದ್ದರು. ಕಂಡಕ್ಟರು ಸ್ಟಾಪಿನ ಹೆಸರು ಬಿಟ್ಟು ಸ್ಟೆಲ್ಲಕ್ಕನ ಗದ್ದೆ ಅಂತ ಕೂಗಲು ಶುರು ಮಾಡಿದ್ದ. ಬೆಳಿಗ್ಗೆ ಕೆಸರಿಗಿಳಿದು ಕಳೆ ಕಿತ್ತು, ಮಧ್ಯಾಹ್ನ ಕಾಲು ತೊಳೆದು ಮಿಷನ್ ತುಳಿಯುತ್ತಿದ್ದೆ. ನಿಜ ಹೇಳಬೇಕೆಂದರೆ ಆ ಕೆಲಸದಲ್ಲಿ ನನಗೆ ಸಿಟ್ಟು ಮರೆತುಹೋಗುತ್ತಿತ್ತು. ಮನೆಗೆ ಬಂದ ಮೇಲೆ ಜ್ಞಾಪಿಸಿಕೊಳ್ಳಬೇಕಾಗುತ್ತಿತ್ತು.

ಆಗಸ್ಟ್ ಮಧ್ಯದಲ್ಲಿ ತೆನೆ ಹೊರಟಿತು. ಪೌಲ್ ಮಾಮ್ ಯಾಕೆ ಗುಡ್ಡದ ಹಿಂದೆ ಮಾಡುತ್ತಿದ್ದರು ಅನ್ನುವುದು ಆಗ ತಿಳಿಯಿತು. ಊರಿನಲ್ಲೆಲ್ಲೂ ಕಾಳಿಲ್ಲದ ಕಾಲದಲ್ಲಿ ಬಯಲಿನ ಮಧ್ಯೆ ನಾನೊಬ್ಬಳು ಹೋಟೆಲ್ ತೆರೆದ ಹಾಗಾಗಿತ್ತು. ಗಿಳಿ, ಕಾಳುಗುಬ್ಬಿ, ಹೆಸರೇ ಗೊತ್ತಿಲ್ಲದ ಹಕ್ಕಿಗಳು ಹಿಂಡು ಹಿಂಡಾಗಿ ಬಂದು ಇಳಿದವು. ಕಾಡಂಚಿನ ಗದ್ದೆಯಲ್ಲಿ ಪೌಲ್ ಮಾಮ್ ಮರದ ನೆರಳಿನ ಮರೆಯಲ್ಲಿ ಬಲೆ ಕಟ್ಟಿ ಕಾಪಾಡುತ್ತಿದ್ದರಂತೆ. ನನ್ನದು ಬಟಾಬಯಲು.

ಬೆದರಿಸಲು ಕೈಗೆ ಸಿಕ್ಕಿದ್ದು ರವಿಕೆಯ ಚೂರುಬಟ್ಟೆ. ಎರಡು ಮೂಟೆ ಇತ್ತು. ಗದ್ದೆಗೆ ಅಡ್ಡಡ್ಡ ಹಗ್ಗ ಕಟ್ಟಿ ಕೆಂಪು, ಹಳದಿ, ಹಸಿರು, ಜರಿ ಎಲ್ಲ ತೂಗುಬಿಟ್ಟೆ. ಗಾಳಿಗೆ ಪಟಪಟ ಅಂದವು, ಹಕ್ಕಿ ದೂರ ನಿಂತವು, ನಾನು ಬೀಗಿದೆ. ಆದರೆ ಬಸ್ಸಿನಲ್ಲಿ ಹೋಗುವ ಹೆಂಗಸರಿಗೆ ಕಣ್ಣಿಲ್ಲವೇ? ಟೈಲರು ಬಟ್ಟೆ ಸಾಲಲಿಲ್ಲ, ತೋಳು ಗಿಡ್ಡ ಮಾಡಿದ್ದೇನೆ ಅಂತ ಹೇಳಿದ ಮೇಲೆ ಅದೇ ಬಟ್ಟೆ ಗೇಣುದ್ದ ಗದ್ದೆಯಲ್ಲಿ ಹಾರಾಡಿದರೆ ಯಾರು ಸುಮ್ಮನಿರುತ್ತಾರೆ? ಮೂವರು ಮನೆಗೇ ಬಂದು ಕೇಳಿದರು. ಗಿರಿಜಮ್ಮ ತನ್ನ ಹಸಿರು ರೇಷ್ಮೆಯ ಚೂರನ್ನು ಹಗ್ಗದಲ್ಲಿ ಗುರುತಿಸಿ, ಇಷ್ಟುದ್ದ ಉಳಿದಿತ್ತಾ ಮಾರಾಯ್ತಿ, ಬೆನ್ನಿಗೊಂದು ಲಾಡಿ ಇಡಬಹುದಿತ್ತಲ್ಲ ಅಂತ ನಕ್ಕುಕೊಂಡು ಹೋದಳು. ನಾನು ನಾಲ್ಕು ದಿನ ಅಂಗಳಕ್ಕೆ ಇಳಿಯಲಿಲ್ಲ.

ಹಕ್ಕಿಗಳೂ ವಾರದಲ್ಲಿ ಬಟ್ಟೆಗೆ ಹೊಂದಿಕೊಂಡವು. ಆಮೇಲೆ ಕಾವಲಿಗೆ ಕೂತವರು ಮಾಂಯ್. ಗದ್ದೆ ಬೇಲಿಯ ಬಾಗಿಲು, ದಣಪೆಯ ಹತ್ತಿರ ಒಂದು ಸ್ಟೂಲು, ತಲೆಗೆ ಟವೆಲು, ಎಡಗೈಯಲ್ಲಿ ಜಪಸರ, ಮಡಿಲಲ್ಲಿ ಹಳೆಯ ಸ್ಟೀಲ್ ತಟ್ಟೆ. ಹತ್ತು ಮಣಿ ಮುಗಿದಾಗಲೊಮ್ಮೆ ಸೌಟಿನಿಂದ ತಟ್ಟೆಗೆ ನಾಲ್ಕು ಬಾರಿಸುವುದು, ಹಕ್ಕಿ ಏಳುವುದು, ಮಾಂಯ್ ಮುಂದಿನ ಹತ್ತಕ್ಕೆ ಹೋಗುವುದು. ಮಧ್ಯದಲ್ಲಿ ಹಕ್ಕಿ ಬಂದರೆ ಏನು ಮಾಡುತ್ತೀರಿ ಅಂತ ವಿನ್ಸೆಂಟ್ ಕೇಳಿದರು. ಬೇಗ ಬೇಗ ಹೇಳುತ್ತೇನೆ ಅಂದರು.

ಹಬ್ಬಕ್ಕೆ ಒಂಬತ್ತು ದಿನ ಮೊದಲು ಚರ್ಚಿನಲ್ಲಿ ನವದಿನದ ಪ್ರಾರ್ಥನೆ ಶುರುವಾಯಿತು, ಮಕ್ಕಳು ಹೂ ತರಲು ಶುರು ಮಾಡಿದರು. ಕಾಳಿಗೆ ಹಾಲು ತುಂಬುತ್ತಿತ್ತು. ಸೆಪ್ಟೆಂಬರ್ ಎರಡರಂದು ಹಿಡಿದ ಮಳೆ ಎರಡು ದಿನ ಬಿಡಲಿಲ್ಲ. ನಾಲ್ಕನೆಯ ತಾರೀಕು ಬೆಳಿಗ್ಗೆ ಹೋಗಿ ನೋಡಿದರೆ ರಸ್ತೆಯ ಮೋರಿ ಕಟ್ಟಿಕೊಂಡು ನೀರೆಲ್ಲ ನನ್ನ ಗದ್ದೆಗೆ ನುಗ್ಗಿ, ಪೈರು ಪೂರ್ತಿ ಅಡ್ಡ ಬಿದ್ದಿತ್ತು. ತೆನೆ ಕೆಸರಿನೊಳಗೆ. ಮೇಲೆ ನನ್ನ ಬಣ್ಣದ ಚೂರುಗಳು ಒದ್ದೆಯಾಗಿ ಜೋತುಬಿದ್ದಿದ್ದವು.

ನಾನು ದಣಪೆ ಹಿಡಿದುಕೊಂಡು ನಿಂತೆ. ಆಗ ಮೋರಿಯ ಕಡೆಯಿಂದ ಯಾರೋ ಹಾರೆ ಹಾಕುವ ಸದ್ದು ಕೇಳಿತು. ನೋಡಿದರೆ ಗಿರಿಜಮ್ಮ. ಸೀರೆ ಎತ್ತಿ ಕಟ್ಟಿ, ಸೊಂಟದ ತನಕ ನೀರಿನಲ್ಲಿ ನಿಂತು, ಮೋರಿಗೆ ಸಿಕ್ಕಿದ ಕೊಂಬೆ, ಪ್ಲಾಸ್ಟಿಕ್ಕು ಎಳೆದು ಎಳೆದು ಹಾಕುತ್ತಿದ್ದಳು. ಜೊತೆಗೆ ಇಬ್ಬರು ಕೆಲಸದವರು.

"ಎಂತ ಮಾರಾಯ್ತಿ, ನಿನ್ನೆನೇ ಒಂದು ಫೋನ್ ಮಾಡಕ್ಕೆ ಏನಾಗಿತ್ತು? ನಾನು ಮೆಂಬರ್ ಆಗಿದ್ದು ಎಂತಕ್ಕೆ, ಫೋಟೋ ತೆಗೆಸಿಕೊಳ್ಳಕ್ಕಾ?"

ಫೋನ್ ಕೈಯಲ್ಲೇ ಇತ್ತು, ಮೋರಿಗೆ ಕಸ ಸಿಕ್ಕಿದ್ದನ್ನು ಹಿಂದಿನ ದಿನವೇ ಕಂಡು ಮೂರು ಸಲ ಅವಳ ನಂಬರು ತೆಗೆದು ಮತ್ತೆ ಒಳಗಿಟ್ಟಿದ್ದೆ. ಕೇಳುವುದು ಅಂದರೆ ಇನ್ನೊಂದು ಸಲ ಸೋತ ಹಾಗೆ ಅಂತ. ಅರ್ಧ ಗಂಟೆಯಲ್ಲಿ ನೀರು ಇಳಿಯಿತು, ಪೈರು ಏಳಲಿಲ್ಲ.

ಫಾದರಿಗೆ ಹೇಳಲು ಅದೇ ಒದ್ದೆ ಸೀರೆಯಲ್ಲಿ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವರು ಟೀ ಕೊಟ್ಟು ಕೂರಿಸಿದರು. ಘಟ್ಟದ ಕೆಳಗಿನ ಚರ್ಚಿಗೆ ಒಂದು ಫೋನ್ ಮಾಡಿದರೆ ಒಳ್ಳೆಯ ತೆನೆಯ ಕಟ್ಟು ಬಸ್ಸಿನಲ್ಲಿ ಬರುತ್ತದೆ, ಯೋಚನೆ ಮಾಡಬೇಡಿ ಅಂದರು. ನಂತರ ನನ್ನ ಮುಖ ನೋಡಿ, ಒಂದು ದಿನ ಕಾಯುತ್ತೇನೆ ಅಂದರು. ನಲವತ್ತಾರು ಮನೆಗೆ ಒಂದೊಂದು ತೆನೆ, ಒಂದು ತೆನೆಯಲ್ಲಿ ಒಂದಾದರೂ ಗಟ್ಟಿ ಕಾಳು. ಅಷ್ಟು ನಮ್ಮದರಲ್ಲಿ ಸಿಕ್ಕಿದರೆ ಸಾಕು. ಸಿಗದಿದ್ದರೆ ನಾಳೆ ಸಂಜೆ ಹೇಳಿ ಅಂದರು. ಆ ಒಂದು ದಿನ ಯಾಕೆ ಕೊಟ್ಟರು ಅಂತ ಆಗ ಕೋಪವೇ ಬಂತು. ಸೋತಾಯಿತಲ್ಲ, ಇನ್ನೂ ಏನು ಹೆಕ್ಕುವುದು?

ಮಾಂಯ್ ಕೇಳಿದವರೇ ಕುಡುಗೋಲು ತೆಗೆದರು. ವಿನ್ಸೆಂಟ್ ಕೆಲಸಕ್ಕೆ ರಜೆ ಹಾಕಿ ಕೊಯ್ದು ಹೊತ್ತು ತಂದರು. ಸುದ್ದಿ ಹೇಗೆ ಹಬ್ಬಿತೋ, ಮರುದಿನ ಬೆಳಿಗ್ಗೆ ನಮ್ಮ ಹೊರಜಗಲಿಯ ಮೇಲೆ ವಾರ್ಡಿನ ಆ ಆರು ಮನೆಯ ಹೆಂಗಸರೂ ಬಂದು ಕೂತಿದ್ದರು. ನಾನು ಕರೆದಿರಲಿಲ್ಲ. ಬಕೆಟ್ಟಿನ ನೀರಿನಲ್ಲಿ ಕೆಸರು ತೊಳೆಯುವುದು, ತೆನೆ ಹಿಡಿದು ಒಂದೊಂದೇ ಕಾಳು ಉಗುರಿನಲ್ಲಿ ಒತ್ತುವುದು. ಬರೀ ನೀರು ಬಂದರೆ ಜೊಳ್ಳು. ಹಾಲು ಬಂದರೆ ಆ ತೆನೆ ಆಗುತ್ತದೆ, ಆದರೆ ಒತ್ತಿದ ಕಾಳು ಹೋಯಿತು, ಪಕ್ಕದ್ದನ್ನು ನಂಬಬೇಕು. ಒತ್ತದೆ ಬೆರಳಿಗೇ ತಿಳಿಯುವ ಹಾಗೆ ಆಗಲು ಒಂದು ಗಂಟೆ ಹಿಡಿಯಿತು. ನೂರು ತೆನೆ ನೋಡಿದರೆ ಎರಡು ಮೂರು ಸಿಗುತ್ತಿದ್ದವು.

ನನ್ನ ಎದುರಿಗೇ ಲೂಸಿ ಕೂತಿದ್ದಳು. ತಲೆ ಎತ್ತುತ್ತಿರಲಿಲ್ಲ. ಅವಳ ಬುಟ್ಟಿಯಲ್ಲೇ ಹೆಚ್ಚು ತೆನೆ ಬೀಳುತ್ತಿದ್ದದ್ದು ನನಗೆ ಇನ್ನೂ ಉರಿಯಿತು. ಒಂದು ಹೊತ್ತಿನಲ್ಲಿ ಅವಳು, ಇದು ಆಗ್ತದಾ ನೋಡು ಸ್ಟೆಲ್ಲಾ ಅಂತ ಒಂದು ತೆನೆ ಚಾಚಿದಳು. ಎಂಟು ತಿಂಗಳಿಂದ ನುಂಗಿಕೊಂಡದ್ದು ಬಾಯಿಗೆ ಬಂದುಬಿಟ್ಟಿತು. ಜೊಳ್ಳು ಯಾವುದು ಗಟ್ಟಿ ಯಾವುದು ಅಂತ ನನಗೆ ಡಿಸೆಂಬರಿನಲ್ಲೇ ಗೊತ್ತಾಗಿದೆ ಲೂಸಿ, ಈಗ ತೋರಿಸುವುದು ಬೇಡ ಅಂದೆ.

ಜಗಲಿಯ ಮೇಲೆ ಬೆರಳುಗಳೆಲ್ಲ ನಿಂತವು. ಲೂಸಿಯ ಕಣ್ಣಲ್ಲಿ ನೀರು ಬಂತು. ಮಾಂಯ್ ತಮ್ಮ ಕೈಯಲ್ಲಿದ್ದ ತೆನೆಯನ್ನು ಬುಟ್ಟಿಗೆ ಹಾಕಿ, ಕೈ ಒರೆಸಿಕೊಂಡರು.

"ಅವಳನ್ನು ಬಿಡು. ನಿನಗೆ ವೋಟು ಹಾಕದವಳು ನಾನು."

ತಮಾಷೆ ಅಂದುಕೊಂಡೆ. ಅವರ ಮುಖದಲ್ಲಿ ತಮಾಷೆ ಇರಲಿಲ್ಲ. ನಾನು ನಿಲ್ಲುವ ಯೋಚನೆಯೇ ಇಲ್ಲದಿದ್ದಾಗ, ಮಾವ ತೀರಿದ ತಿಥಿಯ ಪ್ರಾರ್ಥನೆಗೆ ಬಂದಿದ್ದ ಗಿರಿಜಮ್ಮ, ಈ ಸಲ ನಿಲ್ಲುತ್ತೇನೆ ಅಮ್ಮ, ಕೈ ಬಿಡಬೇಡಿ ಅಂತ ಕೇಳಿದ್ದಳಂತೆ. ಮಾಂಯ್ ಅವಳ ಅಂಗೈಯ ಮೇಲೆ ಅಂಗೈ ಇಟ್ಟು ಆಯಿತು ಅಂದಿದ್ದರಂತೆ. ಹದಿನೈದು ದಿನದ ಮೇಲೆ ನಾನು ನಾಮಪತ್ರ ಹಾಕಿದೆ.

"ಕೊಟ್ಟ ಮಾತು ಕೊಟ್ಟದ್ದೇ. ವೋಟು ಹಾಕದ್ದು ನನ್ನ ತಪ್ಪಲ್ಲ ಸ್ಟೆಲ್ಲಾ. ನಿನಗೆ ಹೇಳಲು ಹೆದರಿದೆ ನೋಡು, ಅದು ತಪ್ಪು. ನೀನು ಒಬ್ಬೊಬ್ಬರ ಮೇಲೆ ಹಾಕುತ್ತಾ ಹೋಗುವಾಗಲೂ ಸುಮ್ಮನಿದ್ದೆ. ಎಲ್ಲರ ಎದುರು ಹೇಳಬೇಕು ಅಂತಲೇ ಈಗ ಹೇಳಿದ್ದು."

ನಾನು ಎದ್ದು ಒಳಗೆ ಹೋದೆ. ಮಿಷನ್ ಮುಂದೆ ಕೂತು ಯಾರದ್ದೋ ರವಿಕೆಯ ಕಂಕುಳು ಹೊಲಿದು, ಬಿಚ್ಚಿ, ಮತ್ತೆ ಹೊಲಿದೆ. ಬಿಸಿಲಿನಲ್ಲಿ ಕೂತು ನನ್ನ ಗದ್ದೆಗೆ ತಟ್ಟೆ ಬಾರಿಸಿದವರು, ಆಟೋದಲ್ಲಿ ನನಗೆ ಬುದ್ಧಿ ಹೇಳಿದವರು, ಅವರೇ! ಅಳು ಬಂತು, ಚೆನ್ನಾಗಿ ಅತ್ತೆ. ಹೊರಗೆ ಯಾರೂ ಎದ್ದು ಹೋಗಿರಲಿಲ್ಲ. ನೀರಿನ ಸದ್ದು, ಮೆಲ್ಲಗೆ ಮಾತು ಕೇಳುತ್ತಲೇ ಇತ್ತು. ಅತ್ತು ಮುಗಿದ ಮೇಲೆ ಒಂದು ವಿಚಿತ್ರ ಆಯಿತು. ಒಂಬತ್ತರಲ್ಲಿ ಒಂದು ಸಿಕ್ಕಿತ್ತು. ಇನ್ನೆಂಟನ್ನು ಹುಡುಕುವ ಆಸೆ ನನ್ನಲ್ಲಿ ಉಳಿದಿರಲಿಲ್ಲ. ಮನಸ್ಸಿನಲ್ಲಿ ಎಂಟು ತಿಂಗಳಿಂದ ನಡೆಯುತ್ತಿದ್ದ ಎಣಿಕೆ ನಿಂತುಹೋಯಿತು, ಅದು ನಿಂತ ಮೇಲೆಯೇ ಎಷ್ಟು ಗದ್ದಲ ಮಾಡುತ್ತಿತ್ತು ಅಂತ ತಿಳಿದದ್ದು. ಯಾರು ದೂಡಿದ್ದು ಅಂತ ತಿರುಗಿ ನೋಡುತ್ತಾ ಇದ್ದರೆ ಏಳಲಿಕ್ಕಾಗುವುದಿಲ್ಲ ಅನ್ನುವುದು ಕೇಳಿ ತಿಳಿಯುವ ವಿಷಯವಲ್ಲ. ಕೆಸರಿನಲ್ಲಿ ಬಿದ್ದುಕೊಂಡೇ ತಿಳಿಯಬೇಕು. ದೇವರ ಹತ್ತಿರ ಆ ದಿನ ನಾನು ಏನೂ ಕೇಳಲಿಲ್ಲ, ಎಬ್ಬಿಸು ಅಂತ ಮಾತ್ರ ಹೇಳಿದೆ.

ಮುಖ ತೊಳೆದು ಹೊರಗೆ ಬಂದು ಲೂಸಿಯ ಪಕ್ಕ ಕೂತೆ. ಕ್ಷಮಿಸು ಅಂದೆ. ಅವಳು ಮೂಗು ಒರೆಸಿಕೊಂಡು, ನೀನು ಗೆದ್ದೇ ಗೆಲ್ಲುತ್ತೀ ಅಂತ ಕಂಡಕಂಡವರ ಹತ್ತಿರ ಪಂಥ ಕಟ್ಟಿಕೊಂಡು ತಿರುಗಿದ್ದೆ, ಆ ನಾಚಿಕೆಗೆ ನಿನ್ನ ಮುಖ ನೋಡಲಾಗಲಿಲ್ಲ ಮಾರಾಯ್ತಿ ಅಂದಳು. ಇಷ್ಟೇ ವಿಷಯ. ಸಂಜೆಗೆ ಬುಟ್ಟಿಯಲ್ಲಿ ಐವತ್ತೊಂದು ತೆನೆ ಇತ್ತು. ಫಾದರಿಗೆ ಫೋನ್ ಮಾಡಿದೆ. ಘಟ್ಟದ ಕೆಳಗಿನದು ಬೇಡ ಅಂದೆ.

ಮಾಂಯ್ ಜೊತೆ ಮಾತ್ರ ಮಾತು ಬರಲಿಲ್ಲ. ಅವರ ಮೇಲೆ ಸಿಟ್ಟಿತ್ತು ಅಂತ ಹೇಳಲಾರೆ, ನೋವಿತ್ತು. ಎರಡು ದಿನ ಅವರ ಕಾಫಿಯನ್ನು ಟೇಬಲಿನ ಮೇಲೆ ಇಟ್ಟು ಬರುತ್ತಿದ್ದೆ. ಅವರೂ ಒತ್ತಾಯ ಮಾಡಲಿಲ್ಲ.

ಹಬ್ಬದ ಬೆಳಿಗ್ಗೆ ಮಳೆ ನಿಂತು ಹೊಳವಾಗಿತ್ತು. ಬುಟ್ಟಿಯ ಒಂದು ಕಿವಿ ನಾನು ಹಿಡಿದೆ, ಇನ್ನೊಂದು ಲೂಸಿ. ಎಷ್ಟು ತೊಳೆದರೂ ಆ ತೆನೆಗಳಿಗೆ ಕೆಸರಿನ ಬಣ್ಣ ಹೋಗಿರಲಿಲ್ಲ. ಮೊದಲಿನ ವರ್ಷಗಳ ಹಾಗೆ ಹೊಂಬಣ್ಣವಿಲ್ಲ, ಕಪ್ಪು ಕಪ್ಪು, ಸೊರಗಿದ ಕಡ್ಡಿಗಳು. ಫಾದರ್ ಅದರ ಮೇಲೆ ತೀರ್ಥ ಚಿಮುಕಿಸುವಾಗ ನನಗೆ ನಾಚಿಕೆಯಾಗಲಿಲ್ಲ, ಅದೇ ನನಗೆ ಆಶ್ಚರ್ಯ. ಪೌಲ್ ಮಾಮ್ ಊರುಗೋಲು ಹಿಡಿದು ಮುಂದಿನ ಬೆಂಚಿನಲ್ಲಿ ಕೂತಿದ್ದರು. ತಮ್ಮ ತೆನೆಯನ್ನು ಹಿಡಿದು, ಉಗುರಿಗೆ ಒತ್ತದೆ ಬೆರಳಿನಲ್ಲೇ ಸವರಿ, ಇದೆ ಅಂತ ತಲೆಯಾಡಿಸಿದರು. ನಲವತ್ತಾರು ಮನೆಯವರೂ ಕೈ ಚಾಚಿದರು. ಒಬ್ಬೊಬ್ಬರ ಮುಖ ನೋಡಬೇಕು ಅಂತ ಏಪ್ರಿಲ್‌ನಿಂದ ಕಾದವಳು ಕೈಗಳನ್ನೇ ನೋಡಿದೆ. ಎಲ್ಲರ ಬೆರಳೂ ಒಂದೇ ತರ ಕಂಡವು.

ಮನೆಗೆ ಬಂದು ನಮ್ಮ ತೆನೆ ಸುಲಿದರೆ ನಾಲ್ಕು ಗಟ್ಟಿ ಕಾಳು ಸಿಕ್ಕಿದವು. ಮಾಂಯ್ ಅದನ್ನು ಕಲ್ಲಿನಲ್ಲಿ ಅರೆದು ತೆಂಗಿನಹಾಲಿನ ಪಾಯಸಕ್ಕೆ ಹಾಕಿದರು. ಹಬ್ಬದ ಊಟಕ್ಕೆ ಗಿರಿಜಮ್ಮನನ್ನೂ ಕರೆದಿದ್ದೆ, ಸೀತೂರಿಗೆ ಹೋಗುವುದಿದೆ, ಸಂಜೆ ಬರುತ್ತೇನೆ ಅಂದಿದ್ದಳು. ನಮ್ಮ ಮನೆಯಲ್ಲಿ ಮಾಂಯ್ ಮಾಡಿಟ್ಟ ಒಂದು ಪದ್ಧತಿಯಿದೆ. ಮಾತು ಬಿಟ್ಟವರು ಒಂದೇ ಪಾತ್ರೆಯಿಂದ ಹೊಸ ಅಕ್ಕಿ ಉಣ್ಣುವ ಹಾಗಿಲ್ಲ. ಮೊದಲು ವಿನ್ಸೆಂಟಿಗೆ ಬಡಿಸಿದರು. ನನ್ನ ಬಟ್ಟಲಿನ ಮೇಲೆ ಸೌಟು ಹಿಡಿದು ನಿಂತುಬಿಟ್ಟರು. ವಿನ್ಸೆಂಟ್ ಒಮ್ಮೆ ತಾಯಿಯನ್ನು, ಒಮ್ಮೆ ನನ್ನನ್ನು ನೋಡಿ ತಲೆ ತಗ್ಗಿಸಿದರು.

ಏನು ಹೇಳಬೇಕು ಅಂತ ನಾನು ಮೊದಲೇ ಯೋಚಿಸಿರಲಿಲ್ಲ. ಬಾಯಿಗೆ ಬಂದದ್ದು ಇಷ್ಟು.

"ಮಾಂಯ್, ಮುಂದಿನ ಸಲ ನಾನು ನಿಂತರೆ?"

ಅವರು ಸೌಟನ್ನು ಪಾತ್ರೆಯೊಳಗೆ ಇಟ್ಟರು. ಸೆರಗಿಗೆ ಕೈ ಒರೆಸಿಕೊಂಡು ನನ್ನ ಬಲಗೈ ಎಳೆದು, ನನ್ನ ಅಂಗೈಯ ಮೇಲೆ ತಮ್ಮ ಅಂಗೈ ಇಟ್ಟು ಒತ್ತಿದರು.

"ಆಯಿತು. ಇನ್ನು ಗಿರಿಜಮ್ಮ ಕೇಳಿದರೂ ಆಗುವುದಿಲ್ಲ."

ಆ ಮಾತು ಎಂಥದು ಅಂತ ನನಗೆ ಗೊತ್ತಿತ್ತು. ನನ್ನ ವಿರುದ್ಧವೇ ಅದು ಒಂದು ಸಲ ಅಲುಗದೆ ನಿಂತಿತ್ತು. ನಾನು ಬಟ್ಟಲು ಮುಂದೆ ಹಿಡಿದೆ.